ಒಡಹುಟ್ಟಿದವರ ನಡುವಿನ ಒಳಗಿಚ್ಚು

‘ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು’ ಎಂಬ ಗಾದೆಯನ್ನು ಕಟ್ಟಿದವರು ಯಾವ ಮನಶ್ಶಾಸ್ತ್ರವನ್ನೂ ಓದಿದವರಲ್ಲ. ಬೆಳಗಾವಿಯ ನ್ಯಾಯಾಲಯದ ಆವರಣದಲ್ಲಿ ಕೆಲಸದ ದಿನ ಅರ್ಧ ಗಂಟೆ ನಿಂತರೆ ಸಾಕು, ಈ ಗಾದೆಗೆ ಬೇರೆ ಭಾಷ್ಯ ಬೇಕಾಗುವುದಿಲ್ಲ. ಒಂದೇ ಊರಿನಿಂದ ಬೆಳಗಿನ ಒಂದೇ ಬಸ್ಸಿಗೆ ಬಂದ ಇಬ್ಬರು, ಒಬ್ಬ ಮುಂದಿನ ಬಾಗಿಲಲ್ಲಿ ಇಳಿದರೆ ಇನ್ನೊಬ್ಬ ಹಿಂದಿನ ಬಾಗಿಲಲ್ಲಿ ಇಳಿದು, ಬೇರೆ ಬೇರೆ ವಕೀಲರ ಬೆನ್ನು ಹತ್ತಿ ನಿಂತಿರುತ್ತಾರೆ. ಇಬ್ಬರ ಕೈಯಲ್ಲೂ ಅದೇ ಹೊಲದ ಉತಾರ. ಇಬ್ಬರ ಮುಖದಲ್ಲೂ ಅದೇ ಅಪ್ಪನ ಮೂಗು!

ವಾಟ್ನಿ ದಾವೆ ಎಂದು ಕಾಗದದ ಮೇಲೆ ಬರೆಯುವುದು ಎಕರೆ ಗುಂಟೆಗಳ ಲೆಕ್ಕವನ್ನು. ಆದರೆ ಇಂಥ ಅನೇಕ ಜಗಳಗಳ ಬುಡ ಹೊಲದಲ್ಲಿ ಇರುವುದಿಲ್ಲ. ಹತ್ತು ವರ್ಷದವನಾಗಿದ್ದಾಗ ಯಾರಿಗೆ ಹೊಸ ಅಂಗಿ ಬಂತು, ಯಾರನ್ನು ಪೇಟೆಯ ಶಾಲೆಗೆ ಹಾಕಿದರು, ನೆಂಟರ ಎದುರು ಅಪ್ಪ ಯಾರ ಹೆಸರು ಹೇಳಿ ಹೆಮ್ಮೆಪಟ್ಟ ಎಂಬ ಯಾವ ದಸ್ತಾವೇಜಿನಲ್ಲೂ ನಮೂದಾಗದ ಸಂಗತಿಗಳಲ್ಲಿ ಅದು ಇರುತ್ತದೆ.

ಈ ಭಾವನೆಗೆ ಕನ್ನಡದಲ್ಲಿ ಹೆಸರುಗಳಿಗೇನೂ ಕೊರತೆ ಇಲ್ಲ. ಅಸೂಯೆ, ಈರ್ಷ್ಯೆ, ಕರುಬು, ಹುರುಡು, ಹೊಟ್ಟೆಕಿಚ್ಚು. ಅರಿಷಡ್ವರ್ಗದ ಪಟ್ಟಿಯಲ್ಲಿ ಕೊನೆಯದು ಮತ್ಸರ. ಅದರಲ್ಲೂ ‘ದಾಯಾದಿ ಮತ್ಸರ’ ಎಂದು ರಕ್ತಸಂಬಂಧದ ಅಸೂಯೆಗೆ ಪ್ರತ್ಯೇಕ ಹೆಸರನ್ನೇ ಇಟ್ಟುಕೊಂಡ ನಾಡು ಇದು. ಗಡಿಭಾಗವಾದ ಬೆಳಗಾವಿ, ಖಾನಾಪುರಗಳಲ್ಲಿ ಮರಾಠಿಯ ‘ಭಾವುಬಂದಕಿ’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಇದೇ ಹೆಸರಿನಲ್ಲಿ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ 1909ರಲ್ಲಿ ಮರಾಠಿ ನಾಟಕ ಬರೆದರು. ಪೇಶ್ವೆ ಮನೆತನದ ಒಳಜಗಳ, 1773ರಲ್ಲಿ ನಾರಾಯಣರಾವ್ ಪೇಶ್ವೆಯ ಕೊಲೆ ಅದರ ವಸ್ತು. ಎರಡು ಭಾಷೆಗಳ ಜನ ಒಂದೇ ಸಂಕಟಕ್ಕೆ ಎರಡು ಪದ ಇಟ್ಟುಕೊಂಡಿದ್ದಾರೆ. ಅಷ್ಟೇ ವ್ಯತ್ಯಾಸ.

ಖಾನಾಪುರದ ಮನೆ, ಬೆಳಗಾವಿಯ ಕೋಣೆ

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಖಾನಾಪುರ ತಾಲೂಕಿನ ಒಂದು ಹಳ್ಳಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಸೆರಗು. ಜೂನ್ ತಿಂಗಳಿನಿಂದ ಸುರಿಯತೊಡಗಿದ ಮಳೆ ಬಿಡುವ ಮಾತೇ ಇಲ್ಲ. ನಾಲ್ಕೆಕರೆ ಭತ್ತದ ಗದ್ದೆ, ಅಂಚಿಗೆ ಒಂದಿಷ್ಟು ಗೇರು ಮರ, ಎರಡು ಎಮ್ಮೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ ಹತ್ತನೆಯ ಇಯತ್ತೆ ಓದುವಾಗ ತಂದೆಗೆ ಕಾಯಿಲೆ. ನಾಟಿಯ ಕಾಲಕ್ಕೆ ಶಾಲೆ ಬಿಟ್ಟವನು ಮತ್ತೆ ಹೋಗಲೇ ಇಲ್ಲ. ಹೋಗು ಎಂದು ಯಾರೂ ಹೇಳಲೂ ಇಲ್ಲ. ಆರು ವರ್ಷದ ನಂತರ ಕಿರಿಯ ಮಗನ ಸರದಿ ಬಂದಾಗ ಮನೆಯ ಪರಿಸ್ಥಿತಿ ತುಸು ಸುಧಾರಿಸಿತ್ತು. ‘ಇವನಾದರೂ ಕಲೀಲಿ’ ಎಂದು ಬೆಳಗಾವಿಗೆ ಕಳಿಸಿದರು. ಅಲ್ಲಿ ಕೋಣೆ ಬಾಡಿಗೆ, ಪಿಯುಸಿ, ಆಮೇಲೆ ಇಂಜಿನಿಯರಿಂಗ್. ದುಡ್ಡು ಎಲ್ಲಿಂದ ಬಂತು? ಆ ನಾಲ್ಕೆಕರೆಯಿಂದ. ಅಂದರೆ ಅಣ್ಣನ ರಟ್ಟೆಯಿಂದ.

ಖಾನಾಪುರಕ್ಕೂ ಬೆಳಗಾವಿಗೂ ದಾರಿ 25 ಕಿಲೋಮೀಟರಿನ ಆಸುಪಾಸು. ರೈಲಿನಲ್ಲಿ ಬಂದರೆ ಇದಲಹೊಂಡ, ದೇಸೂರು ದಾಟಿದರೆ ಊರು ಬಂದೇಬಿಟ್ಟಿತು. ಆದರೆ ಈ ಮನೆಯಲ್ಲಿ ಆ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ದೀಪಾವಳಿಗೆ ಊರಿಗೆ ಬಂದ ತಮ್ಮನ ಕೈಯಲ್ಲಿ ಕುಂದಾ ಪೊಟ್ಟಣ, ಮೈಮೇಲೆ ಇಸ್ತ್ರಿ ಅಂಗಿ. ತಾಯಿ ಬಿಸಿ ರೊಟ್ಟಿಯನ್ನು ಮೊದಲು ಅವನ ತಾಟಿಗೆ ಹಾಕುತ್ತಾಳೆ. ದೂರದಿಂದ ಬಂದ ಮಗ, ಅವಳ ಮಟ್ಟಿಗೆ ಅದು ಸಹಜ. ಪಕ್ಕದಲ್ಲಿ ಕುಳಿತ ಹಿರಿಯ ಮಗ ಅದನ್ನು ನೋಡುತ್ತಾನೆ. ಏನೂ ಅನ್ನುವುದಿಲ್ಲ. ಕೈತೊಳೆದು ಎದ್ದು ದನದ ಕೊಟ್ಟಿಗೆಗೆ ಹೋಗುತ್ತಾನೆ. ವರ್ಷಗಳ ನಂತರ ಒಂದು ದಿನ ಆಡಿಬಿಡುತ್ತಾನೆ: ‘ನಾ ಕೆಸರು ತುಳದೇನಿ, ಅಂವಾ ಸಾಹೇಬ ಆಗ್ಯಾನ. ಮತ್ತ ಪಾಲಾಗ ಮಾತ್ರ ಇಬ್ಬರಿಗೂ ಸರಿಸಮ ಅಂದ್ರ ಹ್ಯಾಂಗವ್ವಾ?’

ತಮ್ಮನ ಕಡೆಯೂ ಒಂದು ಕಥೆ ಇದೆ, ಅದನ್ನು ಕೇಳುವವರು ಕಡಿಮೆ. ಹದಿನಾರಕ್ಕೆ ಮನೆ ಬಿಟ್ಟವನು ಅವನು. ಜ್ವರ ಬಂದಾಗ ಗಂಜಿ ಕಾಯಿಸಿ ಕೊಡುವವರಿರಲಿಲ್ಲ. ಊರಿನ ಜಾತ್ರೆ, ಅಪ್ಪನ ಕೊನೆಯ ದಿನಗಳು, ಮನೆಯ ತೀರ್ಮಾನಗಳು, ಎಲ್ಲವೂ ಅವನಿಲ್ಲದೆಯೇ ನಡೆದವು. ‘ಅಣ್ಣಾ, ಊರಾಗ ಮನಿ ಅಂದ್ರ ಜನಾ ನಿನ್ನ ಹೆಸರ ಹೇಳ್ತಾರ. ನಂದೇನೈತಿ ಅಲ್ಲಿ?’ ಎಂಬುದು ಅವನ ಪ್ರಶ್ನೆ. ಅಣ್ಣನಿಗೆ ತಮ್ಮನ ಓದಿನ ಮೇಲೆ ಕಣ್ಣು. ತಮ್ಮನಿಗೆ ಅಣ್ಣನ ಊರಿನ ಮೇಲೆ, ತಾಯಿಯ ಸಾಮೀಪ್ಯದ ಮೇಲೆ ಕಣ್ಣು. ಇಬ್ಬರೂ ತಮಗೇ ಮೋಸವಾಯಿತೆಂದು ಪ್ರಾಮಾಣಿಕವಾಗಿ ನಂಬಿದ್ದಾರೆ. ಒಬ್ಬ ಕೆಟ್ಟವ, ಇನ್ನೊಬ್ಬ ಒಳ್ಳೆಯವ ಎಂದು ತೀರ್ಪು ಕೊಡಲು ಇಲ್ಲಿ ಜಾಗವಿಲ್ಲ.

ಇನ್ನು ಮಗಳು. ಅವಳನ್ನು ಈ ಲೆಕ್ಕದಲ್ಲಿ ಯಾರೂ ಹಿಡಿದೇ ಇಲ್ಲ. ಅವಳ ವಿಷಯ ಮುಂದೆ ಬರುತ್ತದೆ.

ಇಂಥ ಮನೆ ಒಡೆದಾಗ ಊರ ಕಟ್ಟೆಯ ಮೇಲೆ ಸಿದ್ಧವಾಗಿರುವ ತೀರ್ಪು ಒಂದೇ: ‘ಸೊಸೆಯಂದಿರು ಬಂದರು, ಮನೆ ಒಡೆಯಿತು’. ನೆಗೆಣ್ಣಿಯರ ತಲೆಗೆ ಕಟ್ಟಿದರೆ ಗಂಡುಮಕ್ಕಳ ಮಾನ ಉಳಿಯುತ್ತದಲ್ಲ! ಇಪ್ಪತ್ತು ವರ್ಷದಿಂದ ಹೊಗೆಯಾಡುತ್ತಿದ್ದ ಕಿಚ್ಚು ಹೊರಗಿನಿಂದ ಬಂದ ಹೆಣ್ಣುಮಗಳ ಕಣ್ಣಿಗೆ ಮೊದಲು ಬೀಳುತ್ತದೆ. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಹೇಳಿದವಳೇ ಹಚ್ಚಿದವಳಾಗುತ್ತಾಳೆ.

ಊರಿನ ಶ್ರೀಮಂತನ ಮೇಲೆ ಯಾಕಿಲ್ಲ?

ಬೆಳಗಾವಿಯ ಖಡೇಬಜಾರಿನ ದೊಡ್ಡ ವ್ಯಾಪಾರಿಯ ಸಂಪತ್ತು ಕಂಡು ಖಾನಾಪುರದ ರೈತನಿಗೆ ನಿದ್ದೆ ಕೆಡುವುದಿಲ್ಲ. ತಮ್ಮ ಹೊಸ ಮೋಟಾರು ಸೈಕಲ್ ತಂದರೆ ಮಾತ್ರ ಕೆಡುತ್ತದೆ. ಯಾಕೆ? ಮನುಷ್ಯ ತನ್ನ ಯೋಗ್ಯತೆಯನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆ ಹೋಲಿಸಿಕೊಂಡು ಎಂದು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ 1954ರಲ್ಲಿ ವಿವರಿಸಿದರು. ತನ್ನಂಥವರು ಎಂದರೆ ಒಡಹುಟ್ಟಿದವರಿಗಿಂತ ಹತ್ತಿರದವರು ಬೇರೆ ಯಾರು? ಒಂದೇ ಮನೆ, ಒಂದೇ ಊಟ, ಒಂದೇ ಉಪನಾಮ. ‘ಅವನಿಗೆ ಸಾಧ್ಯವಾದದ್ದು ನನಗೇಕೆ ಆಗಲಿಲ್ಲ?’ ಎಂಬ ಪ್ರಶ್ನೆಗೆ ನೆಪ ಹೇಳಿ ತಪ್ಪಿಸಿಕೊಳ್ಳಲು ಅಲ್ಲಿ ದಾರಿ ಇಲ್ಲ.

ಅಬ್ರಹಾಂ ಟೆಸರ್ ಎಂಬ ಇನ್ನೊಬ್ಬ ಮನೋವಿಜ್ಞಾನಿ 1980ರ ದಶಕದಲ್ಲಿ ಇದನ್ನು ಇನ್ನಷ್ಟು ಕೆದಕಿ ನೋಡಿದರು. ಹತ್ತಿರದವರು ಗೆದ್ದರೆ ಎರಡು ರೀತಿಯ ಪರಿಣಾಮ ಆಗಬಹುದು. ಆ ಗೆಲುವು ನಮಗೆ ಮುಖ್ಯವಲ್ಲದ ಕ್ಷೇತ್ರದಲ್ಲಿ ಆಗಿದ್ದರೆ ಅದರ ಬೆಳಕು ನಮ್ಮ ಮೇಲೂ ಬೀಳುತ್ತದೆ, ‘ನಮ್ಮ ಅಕ್ಕ’ ಎಂದು ಊರೆಲ್ಲ ಹೇಳಿಕೊಂಡು ಬರುತ್ತೇವೆ. ನಮ್ಮದೇ ಮಾನ ಅಪಮಾನ ನಿಂತಿರುವ ಕ್ಷೇತ್ರದಲ್ಲಿ ಆಗಿದ್ದರೆ ಅದೇ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಅಕ್ಕ ಹಾಡುಗಾರ್ತಿ, ತಂಗಿ ವೈದ್ಯೆ ಆದ ಮನೆಯಲ್ಲಿ ನಗು ಇರುತ್ತದೆ. ಇಬ್ಬರೂ ವೈದ್ಯಕೀಯ ಸೀಟಿಗೇ ಕುಳಿತು ಒಬ್ಬಳಿಗೆ ಸಿಕ್ಕಿ ಇನ್ನೊಬ್ಬಳಿಗೆ ತಪ್ಪಿದ ಮನೆಯಲ್ಲಿ ಊಟದ ಹೊತ್ತಿಗೆ ಮಾತೇ ಇರುವುದಿಲ್ಲ. ಎಲ್ಲ ಮಕ್ಕಳನ್ನೂ ಒಂದೇ ಸಿಇಟಿ ಕ್ರಮಾಂಕದ ಓಟಕ್ಕೆ ಇಳಿಸುವ ತಂದೆತಾಯಿ ಈ ಒಂದು ಸಂಗತಿಯ ಮೇಲೆ ಸ್ವಲ್ಪ ಹೊತ್ತು ಯೋಚಿಸಬಹುದು.

ಹಿರಿಯ ಮಗು ಹೀಗೆ, ನಡುವಿನದು ಹಾಗೆ, ಕಿರಿಯದು ಹೀಗೆಯೇ ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ವಿಯೆನ್ನಾದ ಮನೋವೈದ್ಯ ಆಲ್‌ಫ್ರೆಡ್ ಆಡ್ಲರ್ (1870–1937) ಇದಕ್ಕೆ ಶಾಸ್ತ್ರದ ಮುದ್ರೆ ಒತ್ತಿದವರು. ತಮ್ಮ ಹುಟ್ಟಿನಿಂದ ಪಟ್ಟ ಕಳೆದುಕೊಂಡ ರಾಜನಂತೆ ಹಿರಿಯ ಮಗು ಎಂದರು ಅವರು. ಸ್ವತಃ ಆಡ್ಲರ್ ಎರಡನೆಯ ಮಗ. ಅವರ ಅಣ್ಣನ ಹೆಸರು ಸಿಗ್ಮಂಡ್. ಆದರೆ 2015ರಲ್ಲಿ ಜರ್ಮನಿ, ಬ್ರಿಟನ್, ಅಮೆರಿಕಗಳ ಸುಮಾರು 20 ಸಾವಿರ ಜನರ ಮಾಹಿತಿಯನ್ನು ಜರಡಿ ಹಿಡಿದ ಅಧ್ಯಯನ ಹುಟ್ಟಿದ ಕ್ರಮಕ್ಕೂ ಸ್ವಭಾವದ ಮುಖ್ಯ ಗುಣಗಳಿಗೂ ಹೇಳಿಕೊಳ್ಳುವಂಥ ನಂಟಿಲ್ಲವೆಂದು ಕಂಡುಕೊಂಡಿತು. ಹಾಗಾಗಿ ‘ಅಂವ ನಡುವಿನಾಂವ, ಅದಕ್ಕ ಹಂಗ’ ಎಂದು ತಳ್ಳಿಹಾಕುವ ಮಾತಿಗೆ ಬೆಲೆ ಕಡಿಮೆ. ಹುಟ್ಟಿದ ಕ್ರಮವನ್ನು ಬದಲಿಸಲಾಗದು. ಮನೆಯವರು ಹೇಗೆ ನಡೆಸಿಕೊಂಡರು ಎಂಬುದೇ ಹೆಚ್ಚು ತೂಕದ ಪ್ರಶ್ನೆ.

ಅವ್ವನ ಮುದ್ದಿನ ಮಗ ಯಾರು?

ಅಮೆರಿಕದ ಸಮಾಜವಿಜ್ಞಾನಿಗಳಾದ ಜಿಲ್ ಸೂಟರ್ ಮತ್ತು ಕಾರ್ಲ್ ಪಿಲ್ಲೆಮರ್ ಈ ಪ್ರಶ್ನೆಯನ್ನು ನೇರವಾಗಿ ಮುದಿ ತಾಯಂದಿರಿಗೇ ಕೇಳಿದರು. ಅವರ ದೊಡ್ಡವರಾದ ಮಕ್ಕಳಿಗೂ ಕೇಳಿದರು. ‘ನನಗೆ ಎಲ್ಲರೂ ಒಂದೇ’ ಎಂಬ ಲೋಕಪ್ರಸಿದ್ಧ ಉತ್ತರವನ್ನು ಬದಿಗಿಟ್ಟು ಅನೇಕ ತಾಯಂದಿರು ಹೆಚ್ಚು ಹತ್ತಿರದ ಮಗುವಿನ ಹೆಸರು ಹೇಳಿದರು. ತಮಾಷೆ ಏನೆಂದರೆ, ಅವ್ವನಿಗೆ ಯಾರು ಹೆಚ್ಚು ಎಂದು ಮಕ್ಕಳು ಹೇಳಿದ್ದು ಬಹಳಷ್ಟು ಸಲ ತಾಯಿ ಹೇಳಿದ್ದಕ್ಕೆ ತಾಳೆಯಾಗಲಿಲ್ಲ. 2006ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಇಷ್ಟೇ: ಎಷ್ಟೋ ಅಣ್ಣತಮ್ಮಂದಿರು ಅರ್ಧ ಆಯುಷ್ಯ ಹೊಟ್ಟೆಕಿಚ್ಚುಪಟ್ಟಿದ್ದು ತಪ್ಪು ವ್ಯಕ್ತಿಯ ಮೇಲೆ!

ಅದೇ ತಂಡದ 2009ರ ಇನ್ನೊಂದು ಅಧ್ಯಯನ ನಗುವಂಥದ್ದಲ್ಲ. ಚಿಕ್ಕಂದಿನಲ್ಲಿ ತಾಯಿ ಪಕ್ಷಪಾತ ಮಾಡಿದ್ದಳು ಎಂಬ ನೆನಪು ಇರುವ ಮನೆಗಳಲ್ಲಿ ನಡುವಯಸ್ಸಿನಲ್ಲೂ ಒಡಹುಟ್ಟಿದವರ ನಡುವೆ ಬಿಗುವು ಉಳಿದಿತ್ತು. ಹೆಚ್ಚು ಪ್ರೀತಿ ಸಿಕ್ಕಿತೆಂದು ಎಣಿಸಿದವರಿಗೂ ಅದರಿಂದ ಸುಖವಾಗಿರಲಿಲ್ಲ. ಮುದ್ದಿನ ಮಗುವಿಗೂ ಅದು ಭಾರವೇ.

ಹಾಗಾದರೆ ಎಲ್ಲರಿಗೂ ತಕ್ಕಡಿಯಲ್ಲಿ ತೂಗಿ ಹಂಚಬೇಕೆ? ಅದು ಯಾವ ಮನೆಯಲ್ಲೂ ಆಗುವ ಕೆಲಸವಲ್ಲ. ಕಾಯಿಲೆಯ ಮಗುವಿಗೆ ಹೆಚ್ಚು ಹಾಲು ಬೇಕು, ಪರೀಕ್ಷೆಗೆ ಕುಳಿತವಳಿಗೆ ಹೆಚ್ಚು ಹೊತ್ತು ದೀಪ ಬೇಕು. ಕೋವಾಲ್ ಮತ್ತು ಕ್ರೇಮರ್ ಎಂಬ ಸಂಶೋಧಕರು 1997ರಲ್ಲಿ ಮಕ್ಕಳನ್ನೇ ಮಾತಾಡಿಸಿ ನೋಡಿದಾಗ, ಬೇರೆ ಬೇರೆಯಾಗಿ ನಡೆಸಿಕೊಂಡದ್ದನ್ನು ಮಕ್ಕಳು ಬಹುಪಾಲು ಸಂದರ್ಭಗಳಲ್ಲಿ ಅನ್ಯಾಯವೆಂದು ಎಣಿಸಿರಲಿಲ್ಲ. ಕಾರಣ ಅವರಿಗೆ ಗೊತ್ತಿತ್ತು. ಕಾರಣ ಹೇಳದೆ ಮಾಡಿದ ಭೇದವೇ ಮನಸ್ಸಿನಲ್ಲಿ ಕೊಳೆಯುವುದು. ಖಾನಾಪುರದ ಆ ಮನೆಯಲ್ಲಿ ‘ತಮ್ಮಾ, ನಿನ್ನ ಶಾಲಿ ಬಿಡಿಸಿದ್ದು ನಮ್ಮ ಸಂಕಟಕ್ಕ, ನೀ ದಡ್ಡ ಅಂತಲ್ಲ’ ಎಂದು ತಂದೆ ಒಮ್ಮೆ, ಒಂದೇ ಒಂದು ಸಲ, ಹಿರಿಯ ಮಗನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರೆ ಎಷ್ಟೋ ಆಗುತ್ತಿತ್ತು. ನಮ್ಮ ತಂದೆಯರಿಗೆ ಹಾಗೆ ಹೇಳುವ ರೂಢಿ ಇಲ್ಲ. ‘ಸಣ್ಣಾಂವನ್ನ ನೋಡಿ ಕಲೀ’ ಎನ್ನುವ ರೂಢಿ ಮಾತ್ರ ಚೆನ್ನಾಗಿದೆ. ಈ ಒಂದು ವಾಕ್ಯ ಯಾವ ಮಗುವನ್ನೂ ಜಾಣನನ್ನಾಗಿ ಮಾಡಿದ್ದು ಯಾರೂ ಕಂಡಿಲ್ಲ.

ಇದನ್ನು ಕೇವಲ ಮನೆಯೊಳಗಿನ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ದೀರ್ಘಕಾಲದ ಅಧ್ಯಯನವೊಂದು 229 ಗಂಡಸರನ್ನು ಹರೆಯದಿಂದ ಹಿಂಬಾಲಿಸಿತು. 2007ರಲ್ಲಿ ಹೊರಬಂದ ಅದರ ಫಲಿತಾಂಶದಂತೆ, 20 ವರ್ಷದೊಳಗೆ ಒಡಹುಟ್ಟಿದವರೊಂದಿಗೆ ಸಂಬಂಧ ಚೆನ್ನಾಗಿರದಿದ್ದವರಲ್ಲಿ 50 ವರ್ಷದೊಳಗೆ ತೀವ್ರ ಖಿನ್ನತೆ ಕಾಣಿಸಿಕೊಂಡದ್ದು ಹೆಚ್ಚು. ತಂದೆತಾಯಿ ಎಂಥವರಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿದಿತ್ತು.

ಹಲಸಿಯ ಎರಡು ಗರ್ಭಗುಡಿ

ಖಾನಾಪುರ ತಾಲೂಕಿನ ಹಲಸಿಗೆ ಹೋದವರು ಭೂವರಾಹ ನರಸಿಂಹ ದೇವಾಲಯವನ್ನು ನೋಡದೆ ಬರುವುದಿಲ್ಲ. ಒಂದೇ ಗುಡಿಯಲ್ಲಿ ಎರಡು ಗರ್ಭಗೃಹಗಳು, ಎದುರುಬದುರು. ಗೋವೆಯ ಕದಂಬರ ಕಾಲದ ಕಟ್ಟಡ ಇದು. ಆಗ ಆಳಿದವರು ಇಬ್ಬರು ಸಹೋದರರು. ಅಣ್ಣ ಶಿವಚಿತ್ತ ಪೆರ್ಮಾಡಿದೇವ, ತಮ್ಮ ವಿಷ್ಣುಚಿತ್ತ ವಿಜಯಾದಿತ್ಯ. ಹೆಸರುಗಳೇ ಹೇಳುವಂತೆ ಒಬ್ಬ ಶಿವಭಕ್ತ, ಇನ್ನೊಬ್ಬ ವಿಷ್ಣುಭಕ್ತ. ಇಬ್ಬರೂ ಕೂಡಿ ರಾಜ್ಯವಾಳಿದರೆಂದು ಇತಿಹಾಸಕಾರರು ಗುರುತಿಸುತ್ತಾರೆ. ನರಸಿಂಹನ ಪ್ರತಿಷ್ಠೆ ನಡೆದದ್ದು ಅಣ್ಣನ ಆಳ್ವಿಕೆಯಲ್ಲಿ, 1169ರಲ್ಲಿ. ಎದುರಿನ ಭೂವರಾಹ ಬಂದದ್ದು ತಮ್ಮ ವಿಜಯಾದಿತ್ಯನ ಕಾಲದಲ್ಲಿ, 1186–87ರಲ್ಲಿ.

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯ ಕಥೆಯೂ ಅಣ್ಣತಮ್ಮಂದಿರ ಕಾಲದ್ದೇ. ಸವದತ್ತಿಯ ರಟ್ಟರ ನಾಲ್ಕನೆಯ ಕಾರ್ತವೀರ್ಯ ವೇಣುಗ್ರಾಮದಿಂದ, ಅಂದರೆ ಇಂದಿನ ಬೆಳಗಾವಿಯಿಂದ, ಆಳುತ್ತಿದ್ದಾಗ ಅವನ ಮಂತ್ರಿ ಬೀಚಿರಾಜ 1204ರಲ್ಲಿ ಬಸದಿ ಕಟ್ಟಿಸಿದ. ಆ ಕಾಲದ ಶಾಸನಗಳು ಕಾರ್ತವೀರ್ಯನ ಹೆಸರನ್ನು ಒಂಟಿಯಾಗಿ ಹೇಳುವುದಿಲ್ಲ. ತಮ್ಮನಾದ ಯುವರಾಜ ಮಲ್ಲಿಕಾರ್ಜುನನ ಹೆಸರೂ ಜೊತೆಗೇ ಬರುತ್ತದೆ. ಬೆಳಗಾವಿಯ ಇಂಥ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ.

ಶಾಸನಗಳು ಮನೆಯೊಳಗಿನ ಮುನಿಸನ್ನು ಬರೆಯುವುದಿಲ್ಲ, ನಿಜ. ಆದರೂ ಒಂದು ಮಾತು ಗಮನಿಸಬೇಕು. ಎರಡೂ ಕಡೆ ತಮ್ಮನಿಗೆ ಅವನದೇ ಆದ ಹೆಸರಿತ್ತು, ಕಲ್ಲಿನ ಮೇಲೆ ಕೆತ್ತಿದ ಸ್ಥಾನವಿತ್ತು. ಹಾಗಿಲ್ಲದಾಗ ಏನಾಗುತ್ತದೆ ಎಂಬುದಕ್ಕೂ ಕನ್ನಡ ನಾಡಿನಲ್ಲೇ ಸಾಕ್ಷಿ ಉಂಟು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿಯೇ ಪಟ್ಟವೇರಿದ. ಆ ವರ್ಷದಿಂದ ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ! ಅವನ ಆಸ್ಥಾನಕವಿ ಬಿಲ್ಹಣ ಸಂಸ್ಕೃತದಲ್ಲಿ ‘ವಿಕ್ರಮಾಂಕದೇವಚರಿತ’ ಬರೆದಾಗ ತಪ್ಪೆಲ್ಲ ಅಣ್ಣನದಾಯಿತು. ಗೆದ್ದ ತಮ್ಮನ ಅನ್ನ ಉಂಡ ಕವಿ ಬೇರೆ ಏನು ಬರೆದಾನು?

ಜೈನ ಮನೆತನಗಳು ಬಹಳವಾಗಿರುವ ಬೆಳಗಾವಿ ಸೀಮೆಯಲ್ಲಿ ಭರತ ಬಾಹುಬಲಿಯರ ಕಥೆ ಮಕ್ಕಳಿಗೂ ಗೊತ್ತು. ಪಂಪ 941ರಲ್ಲಿ ‘ಆದಿಪುರಾಣ’ದಲ್ಲಿ ಅದನ್ನು ಕನ್ನಡಕ್ಕೆ ತಂದ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ತಮ್ಮ ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಂತ. ಬಳ್ಳಿ ಮೈಗೆ ಹಬ್ಬಿದರೂ ಜ್ಞಾನ ಒಲಿಯಲಿಲ್ಲ. ತಾನು ನಿಂತ ನೆಲವೂ ಅಣ್ಣನದೇ ಎಂಬ ಮುಳ್ಳೊಂದು ಮನಸ್ಸಿನೊಳಗೆ ಉಳಿದಿತ್ತೆಂದು ಜನಜನಿತ ಕಥೆ. ಅಣ್ಣ ಭರತನೇ ಬಂದು ವಂದಿಸಿದ ಮೇಲೆ ಆ ಮುಳ್ಳು ಕಳಚಿತು. ರಾಜ್ಯ ಬಿಡುವುದು ಸುಲಭವಾಯಿತು, ಆ ಒಂದು ಭಾವನೆ ಬಿಡುವುದು ಕಷ್ಟವಾಯಿತು. ಈ ಕಥೆಯಲ್ಲಿ ಮನಶ್ಶಾಸ್ತ್ರ ಇಲ್ಲವೆಂದವರು ಯಾರು?

ಅಕ್ಕ ತಂಗಿಯರ ಪಾಲು

ಈಗ ಆ ಮನೆಯ ಮಗಳ ವಿಷಯ. ಬಹುಕಾಲ ಹೆಣ್ಣುಮಕ್ಕಳ ಅಸೂಯೆಗೆ ಕಾರಣವಿದ್ದರೂ ಕಾನೂನಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಗಳಿಕೆಯಲ್ಲಿ, ಉಯಿಲು ಇಲ್ಲದಿದ್ದಾಗ, ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದೇ ಆಗಿ ಉಳಿಯಿತು. ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿತು, ಅದು 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಅದರ ಲಾಭ ಇರಲಿಲ್ಲ. ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ವಿಚಿತ್ರ ಸ್ಥಿತಿ ಎಷ್ಟೋ ಮನೆಗಳಲ್ಲಿ ಹುಟ್ಟಿಕೊಂಡಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟ್ನಿಗಳಿಗೆ ಮಾತ್ರ ಬಾಧಕವಿಲ್ಲ.

ಕಾನೂನು ಬದಲಾದಷ್ಟು ಬೇಗ ಮನಸ್ಸು ಬದಲಾಗಲಿಲ್ಲ. ‘ಅಕ್ಕಾ, ಇಲ್ಲೊಂದು ಸಹಿ ಹಾಕು’ ಎಂದು ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುವ ತಮ್ಮನಿಗೆ ಅದು ಬರೀ ಕಾಗದ. ಅಕ್ಕನಿಗೆ ಅದು ತವರಿನ ಬಾಗಿಲು. ಸಹಿ ಹಾಕಿದರೆ ಪಾಲು ಹೋಯಿತು, ಹಾಕದಿದ್ದರೆ ತವರು ಹೋಯಿತು. ಹೀಗೆ ಇಕ್ಕಟ್ಟಿಗೆ ಸಿಕ್ಕಿಸಿ ಹಾಕಿಸಿಕೊಂಡ ಸಹಿಯನ್ನು ‘ಪ್ರೀತಿಯಿಂದ ಬಿಟ್ಟುಕೊಟ್ಟಳು’ ಎಂದು ಹೇಳಿಕೊಳ್ಳುವುದು ಅಣ್ಣತಮ್ಮಂದಿರ ಆತ್ಮವಂಚನೆ ಅಲ್ಲದೆ ಬೇರೇನಲ್ಲ.

ಇದರ ಮೇಲೆ ರಸ್ತೆಯೂ ಸೇರಿಕೊಂಡಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾಗಿ ಮಚ್ಛೆಯಲ್ಲಿ ನೆಲೆ ನಿಂತಿತು. ಖಾನಾಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 748 ಅಗಲವಾಯಿತು. ಅಪ್ಪನ ಕಾಲದಲ್ಲಿ ಎಕರೆಗೆ ಎಕರೆ ಸರಿಯಾಗಿ ಹಂಚಿದ ಹೊಲಗಳಲ್ಲಿ ಒಂದು ರಸ್ತೆಯ ಅಂಚಿಗೆ ಬಂದು ಚಿನ್ನವಾದರೆ ಇನ್ನೊಂದು ಹಳ್ಳದ ದಂಡೆಯಲ್ಲೇ ಉಳಿಯುತ್ತದೆ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೂ ಮಾತು ನಿಲ್ಲುತ್ತದೆ.

ಏನು ಮಾಡಬಹುದು?

ಮೊದಲು ಮಾಡಬೇಕಾದದ್ದು ಅದನ್ನು ಹೆಸರಿಟ್ಟು ಕರೆಯುವುದು, ಕಡೇಪಕ್ಷ ತನ್ನೊಳಗೆ. ‘ನನಗೆ ಅವನ ನಡತೆ ಸರಿಬರುವುದಿಲ್ಲ’ ಎಂದು ಹೇಳುವವರು ಬಹಳ. ‘ಅವನಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವೆಂದು ನನಗೆ ಸಂಕಟ’ ಎಂದು ಒಪ್ಪಿಕೊಳ್ಳುವವರು ವಿರಳ. ಡಚ್ ಭಾಷೆಯಲ್ಲಿ ಅಸೂಯೆಗೆ ಎರಡು ಬೇರೆ ಪದಗಳಿವೆ. ಎದುರಿನವನನ್ನು ಕೆಳಗೆಳೆಯಲು ನೋಡುವುದು ಒಂದು, ತಾನು ಅವನ ಮಟ್ಟಕ್ಕೆ ಏರಲು ನೋಡುವುದು ಇನ್ನೊಂದು. ಒಳಗಿರುವುದು ಯಾವುದು ಎಂದು ಪರೀಕ್ಷಿಸಲು ಒಂದು ಸರಳ ದಾರಿ ಇದೆ: ಅಣ್ಣನ ಅಂಗಡಿಗೆ ನಷ್ಟವಾಯಿತೆಂಬ ಸುದ್ದಿ ಕೇಳಿದಾಗ ಮೊದಲ ಗಳಿಗೆಯಲ್ಲಿ ಮನಸ್ಸಿಗೆ ಏನು ಅನ್ನಿಸಿತು? ಉತ್ತರ ಬೇರೆ ಯಾರಿಗೂ ಹೇಳಬೇಕಾಗಿಲ್ಲ.

ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು ಓದುತ್ತಿರುವ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮರೆಯದಿರುವುದು ಒಳ್ಳೆಯದು. ನಿಮ್ಮ ಫೀ ಕಟ್ಟಿದ ರಸೀದಿಯಲ್ಲಿ ಅಣ್ಣನ ಹೆಸರೋ, ಶಾಲೆ ಬಿಟ್ಟು ಮನೆಗೆಲಸಕ್ಕೆ ನಿಂತ ಅಕ್ಕನ ಹೆಸರೋ ಇರುವುದಿಲ್ಲ. ಆ ಹೆಸರನ್ನು ಬಾಯಲ್ಲಿ ಹೇಳಬೇಕಾದವರು ನೀವೇ. ಅದೂ ಹತ್ತು ಜನರೆದುರು, ಮದುವೆ ಮುಂಜಿಗಳಲ್ಲಿ, ಯಾರಾದರೂ ನಿಮ್ಮನ್ನು ಹೊಗಳುತ್ತಿರುವಾಗ. ಹಾಗೆಯೇ ಅಣ್ಣನ ಕೆಲಸಕ್ಕೆ ಬೆಲೆ ಇದೆಯೆಂದು ತೋರಿಸಲು ದುಡ್ಡು ಕಳಿಸುವುದೊಂದೇ ದಾರಿಯಲ್ಲ. ಈ ಸಲ ಯಾವ ಬೀಜ ಹಾಕಿದೆ, ಗೇರಿಗೆ ಹೂವು ಹೇಗೆ ಬಂದಿದೆ ಎಂದು ಕೇಳಿ, ಹೇಳಿದ್ದನ್ನು ಗಮನವಿಟ್ಟು ಕೇಳಿಸಿಕೊಂಡರೆ ಅದರ ತೂಕ ಬೇರೆ. ಓದಿದ ತಮ್ಮಂದಿರು ಊರಿಗೆ ಬಂದ ಕೂಡಲೇ ಬೇಸಾಯದ ಬಗ್ಗೆ ಉಪದೇಶ ಕೊಡಲು ಆರಂಭಿಸುತ್ತಾರೆ. ಅದನ್ನು ತಡೆಹಿಡಿದರೂ ಅರ್ಧ ಕೆಲಸ ಆದಂತೆ.

ತಂದೆತಾಯಿಗಳಿಗೆ ಒಂದೇ ಮಾತು. ಆಸ್ತಿಯ ವಿಷಯವನ್ನು ಕೈಕಾಲು ಗಟ್ಟಿ ಇರುವಾಗಲೇ, ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು, ಎಲ್ಲರೆದುರು ಮಾತಾಡಿ. ಒಬ್ಬೊಬ್ಬರನ್ನೇ ಕರೆದು ಕಿವಿಯಲ್ಲಿ ಹೇಳಿದ ಮಾತು ಮೂರು ಬೇರೆ ಬೇರೆ ಮಾತಾಗುತ್ತದೆ. ಯಾರಿಗೆ ಏಕೆ ಹೆಚ್ಚು, ಯಾರಿಗೆ ಏಕೆ ಕಡಿಮೆ ಎಂಬ ಕಾರಣವನ್ನು ನೀವೇ ಹೇಳಿ. ನಿಮ್ಮ ನಂತರ ಅದನ್ನು ಹೇಳುವವರಿರುವುದಿಲ್ಲ, ಊಹಿಸುವವರಷ್ಟೇ ಇರುತ್ತಾರೆ.

ಮಾತು ಮುರಿದು ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದ್ದರೂ ಲೋಕ ಅದಾಲತ್ ಎಂಬ ಬಾಗಿಲು ತೆರೆದಿರುತ್ತದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರದು, ಜಾರಿಗೆ ಬಂದದ್ದು 1995ರಲ್ಲಿ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಸಿಗುತ್ತದೆ, ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಮಹಿಳೆಯರಿಗೆ ವರಮಾನ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವಿದೆ. ಇನ್ನು ನಿದ್ದೆ ಹೋಗಿ, ಊಟ ಬೇಡವಾಗಿ, ಅದೇ ಯೋಚನೆ ಬೆನ್ನು ಹತ್ತಿದ್ದರೆ ಅದಕ್ಕೆ ವೈದ್ಯರಿದ್ದಾರೆ. ಧಾರವಾಡದಲ್ಲಿ ‘ಡಿಮ್ಹಾನ್ಸ್’ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ಗೆ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಎಲ್ಲ ಸಂಬಂಧಗಳೂ ಸರಿಹೋಗುತ್ತವೆಂದು ಭರವಸೆ ಕೊಡುವುದು ಸುಳ್ಳಾದೀತು. ಕೆಲವರಿಗೆ ದೂರವಿರುವುದೇ ಕ್ಷೇಮ. ವರ್ಷಕ್ಕೆರಡು ಸಲ ಭೇಟಿ, ಆಸ್ತಿಯ ಮಾತು ತೆಗೆಯದ ಎರಡು ಗಂಟೆ, ಒಂದು ಕಪ್ ಚಹಾ. ಅಷ್ಟು ಉಳಿದರೂ ಸಣ್ಣದಲ್ಲ.

ಉತ್ತರ ಕರ್ನಾಟಕದಲ್ಲಿ ಈ ಭೇಟಿಗೆ ಹಿರಿಯರು ಒಂದು ದಿನವನ್ನೇ ಗೊತ್ತು ಮಾಡಿಟ್ಟಿದ್ದಾರೆ. ಶ್ರಾವಣದ ನಾಗರ ಪಂಚಮಿ. ಮದುವೆಯಾದ ಹೆಣ್ಣುಮಕ್ಕಳನ್ನು ಕರೆತರಲು ಅಣ್ಣತಮ್ಮಂದಿರು ಹೋಗಬೇಕು. ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು. ನಾಗಪ್ಪನಿಗೆ ಹಾಲೆರೆಯುವಾಗ ಒಟ್ಟಿಗೆ ಸುರಿದು ಮುಗಿಸುವಂತಿಲ್ಲ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು, ಅಕ್ಕನ ಪಾಲು ಎಂದು ಒಬ್ಬೊಬ್ಬರನ್ನೂ ನೆನೆದು ಎರೆಯಬೇಕು. ಮಾತು ಬಿಟ್ಟವರ ಹೆಸರನ್ನೂ ಆ ಹೊತ್ತಿಗೆ ಬಿಡುವಂತಿಲ್ಲ. ಬೇರೆ ಮನೆ ಮಾಡಿಕೊಂಡು ಎಷ್ಟೋ ವರ್ಷವಾದ ಕುಟುಂಬಗಳಲ್ಲೂ ಪಾತ್ರೆ ಹಿಡಿದ ಮುದುಕಿಯರು ಆ ಹೆಸರನ್ನು ತುಸು ಗಟ್ಟಿಯಾಗಿಯೇ ಹೇಳುತ್ತಾರೆ, ಪಕ್ಕದಲ್ಲಿ ನಿಂತವರಿಗೆ ಕೇಳಿಸಲಿ ಎಂದು.